ಫಿಸಿಕ್ಸ್ ಮೇಡಂ ಇವತ್ತು ಸಂಜೆ ಸಿಗ್ತಾರೆ: ಎಪಿ, ಜೆಇಇ, ಸಿಇಟಿ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸ್ ಮತ್ತು ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರ ಈ ಗುಂಪಲ್ಲಿ ದಿನಾ ಒಂದೇ ಗೋಳು, ಫಿಸಿಕ್ಸ್‌ಗೆ ಯಾವ ಕೋರ್ಸು, ಯಾವ ಪರೀಕ್ಷೆ ಅಂತ. ಮೇಡಂ ಬಸವನಗುಡಿ ಕಡೆಯ ಪಿಯು ಕಾಲೇಜಲ್ಲಿ 22 ವರ್ಷ ಪಾಠ ಮಾಡಿದ್ದಾರೆ. ಈಗ ಒಂದು ಇಂಟರ್‌ನ್ಯಾಷನಲ್ ಸ್ಕೂಲಲ್ಲಿ ಎಪಿ (ಅಮೆರಿಕದ ಕಾಲೇಜು ಮಟ್ಟದ ಕೋರ್ಸು, ಪರೀಕ್ಷೆ), ಎ ಲೆವೆಲ್ (ಬ್ರಿಟಿಷ್ ಪದ್ಧತಿಯ 11, 12) ಮಕ್ಕಳಿಗೆ ಕಲಿಸ್ತಾರೆ. 6ರಿಂದ 9ರ ತನಕ ಇರ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ, ಕೈ ಮುಗೀತೀನಿ.

ಮೇಡಂ: ನಮಸ್ಕಾರ. ಕೇಳುವಾಗ ಮಗು ಯಾವ ಕ್ಲಾಸು, ಯಾವ ಬೋರ್ಡು, ಗಣಿತದಲ್ಲಿ ಎಲ್ಲಿಯವರೆಗೆ ಬಂದಿದೆ ಅಂತ ಹೇಳಿ. ಮೂರನೆಯದು ಮುಖ್ಯ. ಕೋಚಿಂಗ್ ಸೆಂಟರ್ ಹೆಸರು ಹಾಕಬೇಡಿ, ಯಾರಿಗೂ ನಾನು ಸರ್ಟಿಫಿಕೇಟ್ ಕೊಡಲ್ಲ.

ಪ್ರಣವ್ ಅಪ್ಪ: ಮೇಡಂ, ಮಗ ಹತ್ತನೇ ಕ್ಲಾಸ್, ಸ್ಟೇಟ್ ಬೋರ್ಡು. ಪಿಸಿಎಂಬಿ ತಗೊಂಡ್ರೆ ಜೆಇಇ ಬರೆಯೋಕೆ ಆಗುತ್ತಾ? ಪಿಸಿಎಂಸಿನೇ ಬೇಕು ಅಂತಾರೆ.

ಮೇಡಂ: ಆಗುತ್ತೆ. ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇದ್ದರೆ ಸಾಕು, ನಾಲ್ಕನೇ ಅಕ್ಷರವನ್ನ (ಬಿ ಬಯಾಲಜಿ, ಸಿ ಕಂಪ್ಯೂಟರ್ ಸೈನ್ಸ್) ಜೆಇಇ ಕೇಳಲ್ಲ. ನೀಟ್ ಕಡೆಗೂ ಒಂದು ಕಣ್ಣಿದ್ದರೆ ಬಿ ಇರಲಿ. ಫಿಸಿಕ್ಸ್ ಪುಸ್ತಕ ಎಲ್ಲರಿಗೂ ಅದೇ.

ರೇಯಾನ್ಶ್ ಅಮ್ಮ: ಮೇಡಂ, ನಾವು ಸರ್ಜಾಪುರ ರೋಡ್. ಮಗ ಐಜಿಸಿಎಸ್‌ಇ (ಬ್ರಿಟಿಷ್ ಪದ್ಧತಿಯ ಹತ್ತನೇ ಕ್ಲಾಸ್) ಮುಗಿಸಿ ಈಗ 11. ಅಮೆರಿಕಾಗೆ, ಮೆಕ್ಯಾನಿಕಲ್ ಇಂಜಿನಿಯರಿಂಗ್‌ಗೆ ಕಳಿಸ್ಬೇಕು ಅಂತ ಇದೀವಿ. ಎಪಿ ಫಿಸಿಕ್ಸ್ 1, 2, ಸಿ ಮೆಕ್ಯಾನಿಕ್ಸ್, ಸಿ ಎಲೆಕ್ಟ್ರಿಸಿಟಿ, ನಾಲ್ಕನ್ನೂ ಈ ಮೇ ತಿಂಗಳಲ್ಲೇ ಬರೆಸಿ, ಪ್ರೊಫೈಲ್ ಗಟ್ಟಿಯಾಗುತ್ತೆ ಅಂತ ಕೌನ್ಸೆಲರ್ ಹೇಳ್ತಿದಾರೆ. ಗಣಿತದಲ್ಲಿ ಡಿಫರೆನ್ಷಿಯೇಷನ್ ಈಗ ಶುರುವಾಗಿದೆ.

ಮೇಡಂ: ನಾಲ್ಕೂ ಒಂದೇ ಮೇ ತಿಂಗಳಲ್ಲಾ? ಬೇಡ. 1 ಮತ್ತು 2 ಬೀಜಗಣಿತದಲ್ಲಿ ನಡೆಯುವ ಕೋರ್ಸು, ಸಿ ಎರಡೂ ಕ್ಯಾಲ್ಕುಲಸ್‌ನಲ್ಲಿ. ಫಿಸಿಕ್ಸ್ 1ರಲ್ಲಿರೋದು ಚಲನೆ, ಬಲ, ಶಕ್ತಿ, ತಿರುಗುವ ಚಲನೆ, ಆಂದೋಲನ. 2024–25ರಿಂದ ದ್ರವಗಳೂ ಸೇರಿವೆ, ಅದಕ್ಕೆ ಮುಂಚೆ ಅವು 2ರಲ್ಲಿದ್ದವು. ದ್ರವ ಬಿಟ್ಟರೆ ಸಿ ಮೆಕ್ಯಾನಿಕ್ಸ್‌ದೂ ಹೆಚ್ಚುಕಮ್ಮಿ ಅದೇ ಹೊಲ, ನೇಗಿಲು ಮಾತ್ರ ಬೇರೆ. ಒಂದೇ ವರ್ಷ ಎರಡನ್ನೂ ಬರೆಸೋದು ಮೈಸೂರಿಗೆ ಬಸ್ ಟಿಕೆಟ್ಟೂ ರೈಲು ಟಿಕೆಟ್ಟೂ ತಗೊಂಡ ಹಾಗೆ.

ಹುಡುಗ ಕ್ಯಾಲ್ಕುಲಸ್ ಜೊತೆಜೊತೆಗೇ ಕಲೀತಿದ್ದರೆ ಈ ಮೇಗೆ ಸಿ ಮೆಕ್ಯಾನಿಕ್ಸ್ ಒಂದೇ ಇಟ್ಟುಕೊಳ್ಳಿ. ಡಿಸೆಂಬರ್ ಹೊತ್ತಿಗೆ ಇಂಟಿಗ್ರಲ್ ಕಂಡರೆ ಬೆವರುತ್ತಿದ್ದರೆ ಫಿಸಿಕ್ಸ್ 1 ಸಾಕು, ಅದೇನು ಅವಮಾನ ಅಲ್ಲ. ಎಲೆಕ್ಟ್ರಿಸಿಟಿ ಮುಂದಿನ ವರ್ಷಕ್ಕಿರಲಿ. ಇನ್ನೊಂದು ಲೆಕ್ಕ ನಿಮ್ಮ ಕೌನ್ಸೆಲರ್ ಹೇಳಿದಾರೋ ಇಲ್ಲವೋ: ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹೋಗೋದು 12ನೇ ಗ್ರೇಡಿನ ನವೆಂಬರ್–ಜನವರಿಯಲ್ಲಿ. ಅರ್ಜಿಯಲ್ಲಿ ಕಾಣೋದು 11ರ ಮೇ ತನಕ ಬರೆದ ಅಂಕ ಮಾತ್ರ. 12ರ ಮೇನಲ್ಲಿ ಬರೆದದ್ದು ಸೇರಿದ ಮೇಲೆ ಕ್ರೆಡಿಟ್‌ಗೆ (ಅಲ್ಲಿನ ಒಂದು ಕೋರ್ಸು ಓದದೇ ಬಿಡೋಕೆ) ಬಂದರೆ ಬಂತು. ಆ ಕ್ರೆಡಿಟ್ ನಿಯಮವೂ ಕಾಲೇಜಿಗೊಂದು ಥರ. ಇಂಜಿನಿಯರಿಂಗ್ ವಿಭಾಗದವರು ಸಾಮಾನ್ಯವಾಗಿ ಸಿ ಕೇಳ್ತಾರೆ, ಕೆಲವರು ಯಾವುದಕ್ಕೂ ಕೊಡಲ್ಲ. ಅರ್ಜಿ ಹಾಕುವ ಕಾಲೇಜಿನ ಪುಟ ತೆಗೆದು ನೀವೇ ಓದಿ.

ಹಾಂ, ಸಿ ಈಗ 90 ನಿಮಿಷದ ಪೇಪರ್ ಅಲ್ಲ. 2025ರಿಂದ 3 ಗಂಟೆ. 40 ಬಹು ಆಯ್ಕೆಗೆ 80 ನಿಮಿಷ, ಬಿಡಿಸಿ ಬರೆಯುವ 4 ಪ್ರಶ್ನೆಗೆ 100 ನಿಮಿಷ, ಎರಡಕ್ಕೂ ಅರ್ಧರ್ಧ ತೂಕ. ಟ್ಯೂಷನ್ನಿನಲ್ಲಿ ಹಳೇ ಪೇಪರ್ ಇಟ್ಟು ಗಡಿಯಾರ ನೋಡ್ತಿದ್ದರೆ ಹೇಳಿ ನಿಲ್ಲಿಸಿ.

ರೇಯಾನ್ಶ್ ಅಮ್ಮ: ತುಂಬಾ ಥ್ಯಾಂಕ್ಸ್ ಮೇಡಂ. ಯಾವ ಕ್ಯಾಲ್ಕುಲೇಟರ್ ಕೊಡಿಸ್ಲಿ?

ಧೃತಿ ಅಮ್ಮ: ಮೇಡಂ, ಪಿಸಿಎಂಬಿಗೂ ಪಿಸಿಎಂಸಿಗೂ ಫಿಸಿಕ್ಸ್‌ನಲ್ಲಿ ವ್ಯತ್ಯಾಸ ಇದೆಯಾ?

ಮೇಡಂ: ಮೇಲೆ ನೋಡಿ.

ಸುಮುಖ ಅಪ್ಪ: ಅಮೆರಿಕಾ ಅಂದ್ರೆ ಮೂರು ಪ್ಯಾರಾ, ನಮ್ಮ ಪಿಯುಸಿ ಮಕ್ಕಳಿಗೆ ‘ಮೇಲೆ ನೋಡಿ’. ಗುಂಪಿನ ಹೆಸರು ಬದಲಾಯಿಸಿ ಅಡ್ಮಿನ್ ಸಾರ್.

ರೇಯಾನ್ಶ್ ಅಮ್ಮ: ನಾನೂ ಕನ್ನಡದವಳೇ ರೀ, ಹಾಸನದವಳು. ಪ್ರಶ್ನೆ ಕೇಳಿದ್ದು ತಪ್ಪಾ?

ಸುಮುಖ ಅಪ್ಪ: ನಿಮ್ಮ ಬಗ್ಗೆ ಹೇಳ್ಲಿಲ್ಲ ಮೇಡಂ. ನನ್ನ ಮಗ ಹತ್ತರ ತನಕ ಕನ್ನಡ ಮೀಡಿಯಂ, ಈಗ ಸರ್ಕಾರಿ ಪಿಯು ಕಾಲೇಜು. ಅವನಿಗೆ ಯಾವ ಎಪಿ? ಅದನ್ನ ಹೇಳೋರು ಯಾರು?

ಮೇಡಂ: ನಾನೇ ಹೇಳ್ತೀನಿ, ಕೂಗಬೇಡಿ. ಅವನಿಗೆ ಎಪಿ ಬೇಡ. ಸಿಇಟಿಗೂ ಜೆಇಇಗೂ ಎಪಿ ಅಂಕ ಲೆಕ್ಕಕ್ಕೇ ಬರಲ್ಲ. ಇಂಜಿನಿಯರಿಂಗ್ ಸಿಇಟಿ ರ‍್ಯಾಂಕ್‌ನಲ್ಲಿ ಅರ್ಧ ಪಿಯುಸಿಯ ಪಿಸಿಎಂ ಅಂಕ, ಇನ್ನರ್ಧ ಸಿಇಟಿ. ಹಾಗಾಗಿ ಬೋರ್ಡ್ ಪರೀಕ್ಷೆಯ 70 ಅಂಕದ ಥಿಯರಿ, 30 ಅಂಕದ ಪ್ರಾಕ್ಟಿಕಲ್ ಎರಡೂ ಚಿನ್ನ. ಸಿಇಟಿ ಫಿಸಿಕ್ಸ್ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡು. ತಪ್ಪಿಗೆ ಅಂಕ ಕಳೆಯಲ್ಲ, ಒಂದನ್ನೂ ಖಾಲಿ ಬಿಡಬಾರದು. ಪ್ರಶ್ನೆ ಬ್ಯಾಂಕ್ ಕೊಳ್ಳುವಾಗ ಹುಷಾರು, ಎನ್‌ಸಿಇಆರ್‌ಟಿ ಪಠ್ಯ ಕಡಿತವಾದ ಮೇಲಿನದು ತಗೊಳ್ಳಿ. 2024ರ ಸಿಇಟಿಯಲ್ಲೇ ಪಠ್ಯದಿಂದ ಹೊರಗಿನ ಪ್ರಶ್ನೆ ಬಂದು, ಆಮೇಲೆ 50 ಪ್ರಶ್ನೆ ಕೈಬಿಟ್ಟು ಉಳಿದವನ್ನ ಲೆಕ್ಕಕ್ಕೆ ತಗೊಂಡದ್ದು ನೆನಪಿದೆಯಲ್ಲ? ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು, ಐಐಟಿಗೆ ಬರೆಯೋ ಅಡ್ವಾನ್ಸ್ಡ್ ಮಾತ್ರ ಹಿಂದಿ, ಇಂಗ್ಲಿಷ್ ಎರಡರಲ್ಲೇ. ಹುಡುಗನಿಗೆ ಪಾರಿಭಾಷಿಕ ಪದ ಎರಡೂ ಭಾಷೆಯಲ್ಲಿ ಬರಲಿ: ಸಂವೇಗ ಅಂದರೂ ಮೊಮೆಂಟಮ್ ಅಂದರೂ ಕೈ ನಿಲ್ಲಬಾರದು.

ಸುಮುಖ ಅಪ್ಪ: ಸರಿ ಮೇಡಂ. ಬೇಜಾರು ಮಾಡ್ಕೋಬೇಡಿ.

ತೇಜಸ್ ಅಪ್ಪ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗ್ಲಿ ಅಂತ: ‘1) ಗೊತ್ತಿಲ್ಲದ ಪ್ರಶ್ನೆಗೆಲ್ಲ ಸಿ ಆಯ್ಕೆ ತುಂಬಿದರೆ ಅರ್ಧ ಅಂಕ ಗ್ಯಾರಂಟಿ. 2) ಬೆಳಗಿನ ಜಾವ 3ಕ್ಕೆ ಎದ್ದು ಬ್ರಾಹ್ಮಿ ರಸ ಕುಡಿದು ಸೂತ್ರ 21 ಸಲ ಬರೆದರೆ ಮರೆಯುವುದಿಲ್ಲ. 3) ಎಪಿ ಫಿಸಿಕ್ಸ್‌ನಲ್ಲಿ 5 ಬಂದರೆ ಐಐಟಿಗೆ ನೇರ ಸೀಟು.’

ಮೇಡಂ: ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒಂದನ್ನೇ ತುಂಬಿದರೆ ನಾಲ್ಕರಲ್ಲಿ ಒಂದು ಸಿಗಬಹುದು, ಅರ್ಧ ಎಲ್ಲಿಂದ ಬರುತ್ತೆ? ಅದೇ ಚಾಳಿ ಜೆಇಇ ಮೇನ್‌ಗೆ ತಗೊಂಡು ಹೋದರೆ ಸರಿಗೆ 4, ತಪ್ಪಿಗೆ ಮೈನಸ್ 1. ಮೂರನೆಯದು ಹಸಿ ಸುಳ್ಳು. ಐಐಟಿ ಬಿ.ಟೆಕ್‌ಗೆ ಜೆಇಇ ಮೇನ್‌ನಲ್ಲಿ ಮೊದಲ ಎರಡೂವರೆ ಲಕ್ಷದೊಳಗೆ ಬಂದು ಅಡ್ವಾನ್ಸ್ಡ್ ಬರೆಯಬೇಕು. 3 ಗಂಟೆಗೆ ಎಬ್ಬಿಸಿದ ಮಗು 10 ಗಂಟೆಯ ಪಾಠದಲ್ಲಿ ತೂಕಡಿಸುತ್ತೆ, ಇದನ್ನ 28 ವರ್ಷದಿಂದ ಬೋರ್ಡಿನ ಮುಂದೆ ನಿಂತು ನೋಡಿದೀನಿ. ಬ್ರಾಹ್ಮಿ ತಂಬುಳಿ ಮಾಡಿ ಊಟಕ್ಕೆ ಹಾಕಿ, ಚೆನ್ನಾಗಿರುತ್ತೆ.

ತೇಜಸ್ ಅಪ್ಪ: ನಮ್ಮ ಆಯುರ್ವೇದ ಅಂದ್ರೆ ಎಲ್ಲರಿಗೂ ತಾತ್ಸಾರ.

ಹರ್ಷಿತ್ ಅಜ್ಜ: ತಂಬುಳಿಗೆ ಮೊಸರು ಹುಳಿ ಇರಬಾರದು. ನಾನು ನ್ಯಾಷನಲ್ ಕಾಲೇಜಿನ ಹಳೇ ವಿದ್ಯಾರ್ಥಿ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ ಕಟ್ಟಿದರು. ಸಂಜೆ ಉಪನ್ಯಾಸಕ್ಕೆ ನಾವು ಸೈಕಲ್ ತುಳ್ಕೊಂಡು ಹೋಗ್ತಿದ್ವಿ. ಕೋಚಿಂಗು ಗೀಚಿಂಗು ಏನೂ ಇರಲಿಲ್ಲ.

ಪ್ರಣವ್ ಅಪ್ಪ: ಅಜ್ಜಾ, ಆಗ ಸೀಟಿಗೆ ಎಷ್ಟು ಜನ ಇದ್ರು, ಈಗ ಎಷ್ಟು ಜನ ಇದಾರೆ?

ಹರ್ಷಿತ್ ಅಜ್ಜ: ಜನ ಜಾಸ್ತಿ ಆದರೆ ನ್ಯೂಟನ್ನನ ನಿಯಮ ನಾಲ್ಕಾಗಿದೆಯೇನಪ್ಪ?

ಮೇಡಂ: 😀

ನಿಹಾರಿಕಾ ಅಮ್ಮ: ಮೇಡಂ, ಇಲ್ಲಿ ಬರೆಯೋದೋ ಬೇಡವೋ ಅಂತ ಒಂದು ಗಂಟೆಯಿಂದ ಯೋಚ್ನೆ ಮಾಡ್ತಿದೀನಿ. ಮಗಳು ಫಸ್ಟ್ ಪಿಯುಸಿ, ಇಂಟಿಗ್ರೇಟೆಡ್ ಕಾಲೇಜು (ಪಿಯು ಜೊತೆಗೇ ಜೆಇಇ ಕೋಚಿಂಗ್), ಹಾಸ್ಟೆಲ್. ಹತ್ತನೇ ಕ್ಲಾಸಲ್ಲಿ ವಿಜ್ಞಾನಕ್ಕೆ 98. ತಾತನ ಜೊತೆ ಕೂತು ಹಳೇ ರೇಡಿಯೋ ಬಿಚ್ಚಿ ಜೋಡಿಸಿದ ಹುಡುಗಿ. ಈಗ ವಾರದ ಟೆಸ್ಟಲ್ಲಿ ಫಿಸಿಕ್ಸ್ 100ಕ್ಕೆ 20 ದಾಟ್ತಿಲ್ಲ. ಮೊದಲ ಬ್ಯಾಚಿಂದ ಮೂರನೇ ಬ್ಯಾಚಿಗೆ ಹಾಕಿದ್ರು. ಬೇಸಿಕ್ ವೀಕ್, ಒಲಿಂಪಿಯಾಡ್ ಕ್ರ್ಯಾಶ್ ಕೋರ್ಸಿಗೂ ಸೇರಿಸಿ ಅಂತಾರೆ. ದಸರಾ ರಜೆಗೆ ಮನೆಗೆ ಬಂದಿದಾಳೆ. ಟೆಸ್ಟ್ ದಿನ ಬೆಳಗ್ಗೆ ವಾಂತಿ ಬರುತ್ತಂತೆ. ನನಗೆ ಫಿಸಿಕ್ಸ್ ಬರಲ್ಲಮ್ಮ, ಕಾಮರ್ಸ್ ತಗೋತೀನಿ ಅಂತ ಅಳ್ತಾಳೆ. ಏನು ಮಾಡ್ಲಿ?

ಮೇಡಂ: ಅಮ್ಮ, ಬರೆದದ್ದು ಒಳ್ಳೇದಾಯ್ತು. ಮೊದಲು ವಾಂತಿ ವಿಷಯ. ಡಾಕ್ಟರಿಗೆ ತೋರಿಸಿ, ಅವಳು ಹೇಳೋದನ್ನ ನಾಟಕ ಅನ್ನಬೇಡಿ. ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೂ ಫೋನ್ ಮಾಡಬಹುದು, ಅವಳೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಕೋರ್ಸು ಗೀರ್ಸು ಎಲ್ಲ ಆಮೇಲೆ.

ಈಗ ನನಗೊಂದು ಸಹಾಯ ಮಾಡಿ. ಮಾರ್ಕ್ಸ್ ಕಾರ್ಡ್ ಬೇಡ. ಅವಳ ರಫ್ ಬುಕ್ಕಿನ ಎರಡು ಮೂರು ಪುಟ ಫೋಟೋ ತೆಗೆದು ನನಗೆ ಬೇರೆಯಾಗಿ ಕಳಿಸಿ. ಅವಳನ್ನ ಕೇಳಿ ತಗೊಳ್ಳಿ, ಕದ್ದು ಅಲ್ಲ.

ಚಾರ್ವಿ ಅಮ್ಮ: ನಮ್ಮ ಅಕ್ಕನ ಮಗಳಿಗೂ ಹೀಗೇ ಆಗಿತ್ತು, ದೃಷ್ಟಿ ತೆಗೆಸಿದ ಮೇಲೆ ಸರಿ ಹೋಯ್ತು. ಅದು ಬಿಡಿ, ಈ ಜಾಹೀರಾತು ನೋಡಿ ಮೇಡಂ, ಕೆವಿಪಿವೈ ಕೋಚಿಂಗ್ ಅಡ್ಮಿಷನ್ ಓಪನ್ ಅಂತೆ. ಸೇರಿಸ್ಲಾ?

ಮೇಡಂ: ಕೆವಿಪಿವೈ, ವಿಜ್ಞಾನ ಓದೋ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡ್ತಿದ್ದ ಪರೀಕ್ಷೆ, 2022ರಲ್ಲೇ ನಿಂತಿದೆ. ಇಲ್ಲದ ಪರೀಕ್ಷೆಗೆ ಫೀಸ್ ಕಟ್ಟಬೇಡಿ.

ಚಾರ್ವಿ ಅಮ್ಮ: ಹಾಗಾದ್ರೆ ಐಐಎಸ್ಸಿಗೆ ಹೇಗೆ? ಮನೆ ಮತ್ತಿಕೆರೆಯಲ್ಲೇ, ಮಗಳಿಗೆ ದಿನಾ ಆ ಕಾಂಪೌಂಡ್ ನೋಡಿ ಆಸೆ.

ಮೇಡಂ: ನಾಲ್ಕು ವರ್ಷದ ರಿಸರ್ಚ್ ಪದವಿಗೆ ಜೆಇಇ ಅಡ್ವಾನ್ಸ್ಡ್ ಅಥವಾ ಐಸರ್‌ನವರ (ಕೇಂದ್ರದ ವಿಜ್ಞಾನ ಸಂಸ್ಥೆಗಳ) ಪ್ರವೇಶ ಪರೀಕ್ಷೆ ಐಎಟಿ ದಾರಿ ಇದೆ. ಐಎಟಿಯಲ್ಲಿ 60 ಪ್ರಶ್ನೆ, 3 ಗಂಟೆ, ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ತಲಾ 15. ಪ್ರಶ್ನೆಗೆ 3 ನಿಮಿಷ ಸಿಗುತ್ತೆ, ಸಿಇಟಿಯ ಓಟ ಅಲ್ಲ. ಯೋಚಿಸಿ ಬಿಡಿಸುವ ಮಕ್ಕಳಿಗೆ ಆ ಪೇಪರ್ ಒಗ್ಗುತ್ತೆ.

ತೇಜಸ್ ಅಪ್ಪ: ಸೈನ್ಸ್ ಓದಿ ಏನು ಸಂಬಳ ಬರುತ್ತೆ? ಕಂಪ್ಯೂಟರ್ ಸೈನ್ಸ್ ಬಿಟ್ಟು ಎಲ್ಲಾ ವೇಸ್ಟ್.

ಹರ್ಷಿತ್ ಅಜ್ಜ: ಸಿ.ವಿ. ರಾಮನ್ನರಿಗೆ ಈ ಸಲಹೆ ಸಿಗದೇ ಹೋಯ್ತು.

ತೇಜಸ್ ಅಪ್ಪ: ಎಲ್ಲರೂ ರಾಮನ್ ಆಗಲ್ಲ ತಾತ. ನನ್ನ ಅಣ್ಣ ಎಂ.ಎಸ್ಸಿ ಫಿಸಿಕ್ಸ್, ಈಗ ಇನ್ಶೂರೆನ್ಸ್ ಮಾರ್ತಾನೆ.

ಸುಮುಖ ಅಪ್ಪ: ನಿಮ್ಮಣ್ಣ ಇನ್ಶೂರೆನ್ಸ್ ಮಾರಿದ್ದು ಫಿಸಿಕ್ಸ್ ತಪ್ಪಾ? ಬಿ.ಇ. ಮಾಡಿ ಸ್ಕೂಟರ್‌ನಲ್ಲಿ ಊಟ ಡೆಲಿವರಿ ಮಾಡೋರು ನಮ್ಮ ಬೀದಿಯಲ್ಲೇ ಇಬ್ಬರಿದಾರೆ.

ತೇಜಸ್ ಅಪ್ಪ: ಸರ್ಕಾರಿ ಕಾಲೇಜಲ್ಲಿ ಓದಿಸೋರಿಗೆ ಮಾರ್ಕೆಟ್ ಗೊತ್ತಾಗಲ್ಲ ಬಿಡಿ.

ಸುಮುಖ ಅಪ್ಪ: ಮಾತು ಸರಿಯಾಗಿ ಆಡ್ರೀ.

ರೇಯಾನ್ಶ್ ಅಮ್ಮ: ಇದು ತಪ್ಪು ತೇಜಸ್ ಅಪ್ಪ ಅವರೇ. ಅವರ ಹತ್ರ ಸಾರಿ ಕೇಳಿ.

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ. ಇನ್ನೊಂದು ವೈಯಕ್ತಿಕ ಮಾತು ಬಂದರೆ ಗುಂಪಿನಿಂದ ತೆಗೀತೀನಿ.

ಧೃತಿ ಅಮ್ಮ: ಎ ಲೆವೆಲ್ ಸುಲಭನಾ, ಎಪಿ ಸುಲಭನಾ ಮೇಡಂ?

ಮೇಡಂ: ಯಾವುದೂ ಸುಲಭ ಅಲ್ಲ. ಎ ಲೆವೆಲ್ ಎರಡು ವರ್ಷದ ಓದು, ಲ್ಯಾಬಿನಲ್ಲಿ ನಿಂತು ಬರೆಯುವ ಪ್ರಾಕ್ಟಿಕಲ್ ಪೇಪರ್ ಇದೆ. ಎಪಿ ಒಂದು ವರ್ಷದ್ದು, ಪರೀಕ್ಷೆಯ ದಿನ ಲ್ಯಾಬ್ ಇಲ್ಲ, ಆದರೆ ಪ್ರಯೋಗ ಹೇಗೆ ಹೂಡ್ತೀಯ ಅಂತ ಬರೆಸ್ತಾರೆ.

ಪ್ರಣವ್ ಅಪ್ಪ: ಕಾಮೆಡ್‌ಕೆಗೆ (ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ ಪರೀಕ್ಷೆ) ನೆಗೆಟಿವ್ ಮಾರ್ಕ್ಸ್ ಇದೆಯಾ ಮೇಡಂ?

ಮೇಡಂ: ಇಲ್ಲ. ಒಬ್ಬರಿಗೆ ಒಂದೇ ಪ್ರಶ್ನೆ ಅಂದಿದ್ದರು.

ಚಾರ್ವಿ ಅಮ್ಮ: ಮೇಡಂ ಒಂದು ವರ್ಷ ಡ್ರಾಪ್ ತಗೊಂಡು ಲಾಂಗ್ ಟರ್ಮ್ ಕೋಚಿಂಗ್ ಮಾಡಿಸೋದು ಒಳ್ಳೇದಾ? ಕೋಟಾ ಒಳ್ಳೇದಾ, ಹೈದರಾಬಾದಾ?

ಮೇಡಂ: ನಿಹಾರಿಕಾ ಅಮ್ಮ, ಪುಟ ನೋಡಿದೆ. ಮಗಳ ಒಪ್ಪಿಗೆ ಇದೆ ಅಂದಿರಿ, ಅದಕ್ಕೇ ಇಲ್ಲೇ ಬರೀತೀನಿ, ಬೇರೆಯವರಿಗೂ ಬೇಕಾಗುತ್ತೆ.

ನಿಮ್ಮ ಮಗಳು ಫಿಸಿಕ್ಸ್‌ನಲ್ಲಿ ವೀಕ್ ಅಲ್ಲ. ಎರಡನೇ ಪುಟದಲ್ಲಿ ಸರಪಳಿಯ ಲೆಕ್ಕ ಇದೆ: ಎಲ್ ಉದ್ದ, ಎಂ ದ್ರವ್ಯರಾಶಿಯ ಸರಪಳಿಯ ಮೂರನೇ ಒಂದು ಭಾಗ ಮೇಜಿನಂಚಿನಿಂದ ಕೆಳಗೆ ನೇತಾಡ್ತಿದೆ, ಪೂರ್ತಿ ಮೇಲೆಳೆಯೋಕೆ ಎಷ್ಟು ಕೆಲಸ? ಕೋಚಿಂಗ್ ಉತ್ತರದಲ್ಲಿ ಸಣ್ಣ ತುಂಡು ತಗೊಂಡು ಇಂಟಿಗ್ರೇಟ್ ಮಾಡಿದ್ದಾರೆ. ನಿಮ್ಮ ಹುಡುಗಿಗೆ ಇಂಟಿಗ್ರೇಷನ್ ಗೊತ್ತಿಲ್ಲ. ಗೊತ್ತಿಲ್ಲದೇ ಇರೋದೇ ಸರಿ, ಪಿಯುಸಿ ಗಣಿತದಲ್ಲಿ ಡೆರಿವೇಟಿವ್ ಬರೋದು ಮೊದಲ ವರ್ಷದ ಕೊನೆ ಹೊತ್ತಿಗೆ, ಇಂಟಿಗ್ರಲ್ ಎರಡನೇ ವರ್ಷ. ಅವಳು ಏನು ಮಾಡಿದಾಳೆ ಗೊತ್ತಾ? ನೇತಾಡೋ ತುಂಡಿನ ದ್ರವ್ಯರಾಶಿ ಎಂ ಬೈ 3, ಅದರ ನಡುಮಧ್ಯ ಅಂಚಿನಿಂದ ಎಲ್ ಬೈ 6 ಕೆಳಗೆ, ಅದನ್ನ ಮೇಲೆತ್ತಿದರೆ ಸಾಕು ಅಂತ ಚಿತ್ರ ಬರೆದು ಎಂಜಿಎಲ್ ಬೈ 18 ಅಂತ ಮೂರೇ ಸಾಲಲ್ಲಿ ತಂದಿದಾಳೆ. ಸರಿ ಉತ್ತರ. ಆಮೇಲೆ ಅದನ್ನ ಅಡ್ಡಗೆರೆ ಹಾಕಿ ಹೊಡೆದು, ಪಕ್ಕದಲ್ಲಿ ‘ಮೆಥಡ್ ತಪ್ಪು’ ಅಂತ ಬರೆದುಕೊಂಡಿದಾಳೆ. ಆ ಅಡ್ಡಗೆರೆ ನೋಡಿ ನನಗೆ ನಿಜವಾಗಲೂ ಹೊಟ್ಟೆ ಉರೀತು. ದಾರಿ ತಪ್ಪಲ್ಲ, ಅದು ಇನ್ನೂ ಒಳ್ಳೇ ದಾರಿ.

ತೊಂದರೆ ಇರೋದು ಎರಡು ಕಡೆ. ಗಣಿತ ಬರೋದಕ್ಕೆ ಮುಂಚೆ ಅವರು ಫಿಸಿಕ್ಸ್ ಓಡಿಸ್ತಿದಾರೆ, ಇವಳು ಪ್ರತಿ ಸೂತ್ರವನ್ನೂ ತಾನೇ ಸಾಧಿಸಿಕೊಂಡು ಮುಂದೆ ಹೋಗುವ ಸ್ವಭಾವದವಳು. ಮೊದಲನೇ ಪುಟದಲ್ಲಿ ಶುರುವಾದ ಒಂದು ಲೆಕ್ಕ ಒಂದೂವರೆ ಪುಟ ತಿಂದಿದೆ. ಜೆಇಇ ಮೇನ್‌ನಲ್ಲಿ 75 ಪ್ರಶ್ನೆಗೆ 180 ನಿಮಿಷ, ಒಂದಕ್ಕೆ ಎರಡೂವರೆ ನಿಮಿಷವೂ ಇಲ್ಲ. ಆರು ಏಳು ಲೆಕ್ಕ ಸರಿ ಮಾಡೋ ಹೊತ್ತಿಗೆ ಗಂಟೆ ಹೊಡೆಯುತ್ತೆ, ಉಳಿದದ್ದು ಗಾಬರಿಯಲ್ಲಿ ಊಹೆ ಮೇಲೆ ಗುರುತು ಹಾಕಿ ಮೈನಸ್. ನಿಮ್ಮ 20ರ ಅರ್ಥ ಇಷ್ಟೇ.

ಒಲಿಂಪಿಯಾಡ್ ಕ್ರ್ಯಾಶ್ ಕೋರ್ಸ್ ಬೇಡವೇ ಬೇಡ. ಫಿಸಿಕ್ಸ್ ಒಲಿಂಪಿಯಾಡಿನ ಮೊದಲ ಸುತ್ತು ಎನ್‌ಎಸ್‌ಇಪಿ ನವೆಂಬರ್‌ನಲ್ಲಿ ನಡೆಯುತ್ತೆ, ಮುಂದೆ ಯಾವತ್ತಾದರೂ ಅವಳಿಗೇ ಆಸೆ ಬಂದರೆ ಬರೀಲಿ. ವಾಂತಿ ಮಾಡ್ಕೊಳ್ಳೋ ಮಗುವಿಗೆ ಇನ್ನೊಂದು ಪರೀಕ್ಷೆ ಹೇರೋದು ಜ್ವರಕ್ಕೆ ಕಂಬಳಿ ಮೇಲೆ ಕಂಬಳಿ ಹಾಕಿದ ಹಾಗೆ. ರಜೆಯಲ್ಲಿ ದಿನಾ ಮುಕ್ಕಾಲು ಗಂಟೆ ಗಣಿತ ಮಾತ್ರ: ಇಳಿಜಾರು ಅಂದರೆ ಡೆರಿವೇಟಿವ್, ಗ್ರಾಫಿನ ಕೆಳಗಿನ ಜಾಗ ಅಂದರೆ ಇಂಟಿಗ್ರಲ್, ಎಕ್ಸ್‌ನ ಘಾತಗಳು, ಸೈನು ಕೊಸೈನು, ಇಷ್ಟು ಸಾಕು. ವಾರದ ಟೆಸ್ಟ್ ಕೆಲವು ವಾರ ಬಿಡಿಸೋಕೆ ಆಗುತ್ತಾ ಕಾಲೇಜಲ್ಲಿ ಕೇಳಿ, ಆಗಲ್ಲ ಅಂದರೆ ಹಾಸ್ಟೆಲ್ ಬಿಡಿಸಿ ಮನೆಯಿಂದ ಓಡಾಡುವ ಮಾಮೂಲಿ ಪಿಯು ಕಾಲೇಜು ನೋಡಿ. ಕಟ್ಟಿದ ಫೀಸ್ ಹೋಗುತ್ತೆ, ಗೊತ್ತು. ಕಾಮರ್ಸ್ ಕೆಟ್ಟದ್ದಲ್ಲ, ಆದರೆ ಹೆದರಿ ಓಡೋಕೆ ತಗೋಬಾರದು, ಆ ತೀರ್ಮಾನ ಈಗ ಬೇಡ. ಎರಡನೇ ಪಿಯುಸಿಯಲ್ಲಿ ಸಿಇಟಿ ಮತ್ತು ಐಎಟಿ ಬರೀಲಿ. ಜೆಇಇ ಬರೆದರೂ ಸರಿ, ಬಿಟ್ಟರೂ ಸರಿ.

ನಿಹಾರಿಕಾ ಅಮ್ಮ: ಅವಳಿಗೆ ಓದಿ ಹೇಳಿದೆ ಮೇಡಂ. ಸರಪಳಿ ಲೆಕ್ಕ ಸರಿ ಅಂತಾನಾ ಅಂತ ಎರಡು ಸಲ ಕೇಳಿದ್ಲು. ಎದ್ದು ಹೋಗಿ ಬುಕ್ ತಂದು ನೋಡ್ತಾ ಕೂತಿದಾಳೆ.

ತೇಜಸ್ ಅಪ್ಪ: ಒಂದು ಲೆಕ್ಕ ಸರಿ ಆದ್ರೆ ಐಐಟಿ ಸೀಟ್ ಬರಲ್ಲ. ಮಕ್ಕಳನ್ನ ಹೀಗೆ ಮುದ್ದು ಮಾಡಿದ್ರೆ ಕಾಂಪಿಟಿಷನ್‌ನಲ್ಲಿ ನಿಲ್ಲಲ್ಲ. ನಮ್ಮ ಹುಡುಗ ದಿನಾ 14 ಗಂಟೆ ಓದ್ತಾನೆ.

ಮೇಡಂ: ನಿಮ್ಮ ಹುಡುಗನ ರಫ್ ಬುಕ್ ಯಾವತ್ತಾದರೂ ತೆರೆದು ನೋಡಿದೀರಾ?

ತೇಜಸ್ ಅಪ್ಪ: ನನಗೆ ಫಿಸಿಕ್ಸ್ ಬರಲ್ಲ.

ಮೇಡಂ: ನೋಡೋಕೆ ಫಿಸಿಕ್ಸ್ ಬೇಡ. ಚಿತ್ರ ಇದೆಯಾ, ಬರೀ ಸೂತ್ರ ತುಂಬಿದಾನಾ ಅಂತ ನೋಡಿ ಸಾಕು.

ಪ್ರಣವ್ ಅಪ್ಪ: ಜೆಇಇ ಅಡ್ವಾನ್ಸ್ಡ್ ಎಷ್ಟು ಸಲ ಬರೀಬಹುದು?

ಮೇಡಂ: ಎರಡು ಸಲ, ಸಾಲಾಗಿ ಎರಡು ವರ್ಷ. ಇದು ನಿಮ್ಮ ಮೂರನೇ ಪ್ರಶ್ನೆ.

ಧೃತಿ ಅಮ್ಮ: ಮೇಡಂ ನೀವು ಮನೆ ಟ್ಯೂಷನ್ ಮಾಡ್ತೀರಾ? ಫೀಸ್ ಎಷ್ಟು?

ರೇಯಾನ್ಶ್ ಅಮ್ಮ: ಮೇಡಂ, ಆ ಕ್ಯಾಲ್ಕುಲೇಟರ್?

ತೇಜಸ್ ಅಪ್ಪ: ಫಾರ್ವರ್ಡ್: ‘ಒಂದೇ ಪುಟದಲ್ಲಿ ಇಡೀ ಪಿಯುಸಿ ಫಿಸಿಕ್ಸ್ ಸೂತ್ರಗಳು, 10 ಗುಂಪಿಗೆ ಕಳಿಸಿ.’

ಮೇಡಂ: ಅದರಲ್ಲಿ ಮೂರನೇ ಸಾಲು: ‘ವಿ = ಯು + ½ಎಟಿ’. ಆ ಅರ್ಧ ಎಲ್ಲಿಂದ ಬಂತು ಸಾರ್? 10 ಗುಂಪಿಗೆ ಕಳಿಸುವ ಮುಂಚೆ ಅಳಿಸಿ. ಅಡ್ಮಿನ್, ನನ್ನ ಹೊತ್ತು ಆಯ್ತು, ನಾಳೆ ಬೆಳಗ್ಗೆ ಲ್ಯಾಬ್ ಇದೆ.

ಅಡ್ಮಿನ್: ಫಾರ್ವರ್ಡ್ ತೆಗೆದಿದೀನಿ. ತೇಜಸ್ ಅಪ್ಪ ಅವರನ್ನ ನಾಳೆ ತನಕ ಮ್ಯೂಟ್ ಮಾಡಿದೀನಿ.

ನಿಹಾರಿಕಾ ಅಮ್ಮ: ಮೇಡಂ, ಹೋಗೋ ಮುಂಚೆ ಒಂದೇ ಒಂದು. ಆ ಪುಟದಲ್ಲಿ ಎಂಟನೇ ಲೆಕ್ಕ ಸರಿ ಇದೆಯಾ ಅಂತ ಅವಳೇ ಕೇಳ್ತಿದಾಳೆ.

ಮೇಡಂ: ಇಲ್ಲ, ಅದು ತಪ್ಪಿದೆ. ಇಳಿಜಾರಿನ ಮೇಲಿರುವ ಡಬ್ಬವನ್ನ ಅಡ್ಡಡ್ಡಲಾಗಿ ತಳ್ಳುವಾಗ ನಾರ್ಮಲ್ ಬಲ ಬರೀ ಎಂಜಿ ಕಾಸ್ ಥೀಟಾ ಆಗಲ್ಲ. ಇನ್ನೇನು ಸೇರಬೇಕು ಅಂತ ನೀವು ಯಾರೂ ಹೇಳಬೇಡಿ, ಅಜ್ಜ ನೀವೂ ಕೂಡ. ಚಿತ್ರವನ್ನ ಇನ್ನೊಂದು ಸಲ, ದೊಡ್ಡದಾಗಿ ಬರೀಲಿ.